ಗಾಡಿಗೇನೂ ಆಗಿಲ್ಲ

ಮೈಲಾರಲಿಂಗಪ್ಪನ ಸಣ್ಣ ಲಾರಿ ಇವತ್ತೂ ಗುತ್ತೆವ್ವನ ಮನೆಯ ಮುಂದೆಯೇ ಎಂಜಿನ್ ಕಾದು ನಿಂತಿತ್ತು ಎಂದು ಪೀರಸಾಬ ಹೇಳಿದಾಗ ಗಿರಿಯಪ್ಪ ಒಂದು ಜೀಪಿನ ಕೆಳಗೆ ಅಂಗಾತ ಮಲಗಿದ್ದ. ಕೈಯಲ್ಲಿದ್ದ ಬೋಲ್ಟು ಬಿಗಿಯುವ ಪಾನಾ ಜಾರಿ ಎದೆಯ ಮೇಲೆ ಬಿತ್ತು. ನೋವಾಯಿತು. ಆದರೆ ನೋವಾದದ್ದು ಪಾನಾದಿಂದಲೇ ಎಂದು ಅವನು ಆಣೆ ಮಾಡಿ ಹೇಳುವಂತಿರಲಿಲ್ಲ.

"ಕಾಯೂದು ಗಾಡಿಯೋ, ಡ್ರೈವರೋ, ಅದನ್ನ ಒಂದೀಟು ನೋಡಬೇಕಲೇ ಗಿರ್ಯಾ," ಎನ್ನುತ್ತ ಪೀರಸಾಬ ಬೀಡಿ ಹಚ್ಚಿದ. ಸವಣೂರಿನಿಂದ ಯಲವಿಗಿಗೆ ಹೋಗುವ ರಸ್ತೆಯ ಬದಿಗಿದ್ದ ಆ ಗ್ಯಾರೇಜು ಅವನದು. ಗಿರಿಯಪ್ಪನಿಗೆ ಕೆಲಸ ಕಲಿಸಿದವನೂ ಅವನೇ. ಶಿಷ್ಯನ ಹೊಟ್ಟೆಯೊಳಗೆ ಏನು ಉರಿಯುತ್ತಿದೆ ಎಂಬುದು ಅವನಿಗೆ ಗೊತ್ತಿತ್ತು, ಗೊತ್ತಿದ್ದೇ ಕೆಣಕುತ್ತಿದ್ದ.

"ಗಾಡಿಗೇನೂ ಆಗಿಲ್ಲ ಚಾಚಾ," ಎಂದ ಗಿರಿಯಪ್ಪ, ಜೀಪಿನ ಕೆಳಗಿನಿಂದಲೇ. "ಆಗಿದ್ದು ಗಾಡಿ ಹೊಡಿಯೂ ಮಗಗ."

ಎದುರಿನ ಚಹಾದಂಗಡಿಯಲ್ಲಿ ಕುಳಿತವರು ಗೊಳ್ಳೆಂದು ನಕ್ಕರು. ಗಿರಿಯಪ್ಪನಿಗೆ ಹಾಯೆನಿಸಿತು. ಹೊಟ್ಟೆಕಿಚ್ಚಿನವನು ಮಾತಾಡಿದರೆ ಕೇಳುವವರಿಗೆ ಬಲು ರುಚಿ. ಆದರೆ ಚಹಾ ಕುಡಿದವರು ಮಾತನ್ನು ಅಲ್ಲೇ ಬಿಟ್ಟು ಏಳುವುದಿಲ್ಲ, ಕಟ್ಟಿಕೊಂಡು ಮನೆಗೆ ಒಯ್ಯುತ್ತಾರೆ. ಅದು ಅವನಿಗೆ ಹೊಳೆಯಲಿಲ್ಲ.

ಎಂಬತ್ತನಾಲ್ಕರ ಬೇಸಿಗೆ ಅದು. ಸವಣೂರಿನ ತೋಟಗಳಿಂದ ವೀಳ್ಯದೆಲೆಯ ಬುಟ್ಟಿಗಳನ್ನು ಹೇರಿಕೊಂಡು ಯಲವಿಗಿ ಸ್ಟೇಷನ್ನಿಗೆ ಮುಟ್ಟಿಸಲು ಮೈಲಾರಲಿಂಗಪ್ಪ ಹೊಸದಾಗಿ ಬಂದಿದ್ದ. ಹಿರೇಕೆರೂರಿನ ಕಡೆಯವನು. ಅಲ್ಲಿ ಹತ್ತಿ, ಗೋವಿನಜೋಳ ಹೇರಿ ಸುಸ್ತಾದವನಿಗೆ ಎಲೆಯ ಬಾಡಿಗೆ ಆರಾಮದ ಕೆಲಸ. ಹಾಗಾಗಿ ಮಾತಾಡಲು, ನಗಲು ಅವನಲ್ಲಿ ಬೇಕಾದಷ್ಟು ಶಕ್ತಿ ಉಳಿಯುತ್ತಿತ್ತು. ಕೊರಳಿಗೆ ಕೆಂಪು ಕರ್ಚೀಫು, ಕ್ಯಾಬಿನ್ನಿನಲ್ಲಿ ಟ್ರಾನ್ಸಿಸ್ಟರು. ಗಿರಿಯಪ್ಪನ ಕಣ್ಣಿಗೆ ಅವನ ಹಲ್ಲುಗಳು ಕೂಡ ಬೇಕಂತಲೇ ಬೆಳ್ಳಗಿದ್ದವು.

ಊರು ದಾಟಿ ತುಸು ದೂರ ಹೋದರೆ ಒಂದು ಏರು. ಏರು ಮುಗಿದಲ್ಲಿ ಬೇವಿನ ಮರ, ಮರದ ಕೆಳಗೆ ಯಂಕವ್ವನ ಮನೆ. ಅವಳ ಮಗಳು ಗುತ್ತೆವ್ವ ಎಲೆ ಹೊಂದಿಸುವ ಕೆಲಸಕ್ಕೆ ತೋಟಕ್ಕೆ ಹೋಗಿ, ಬಿಸಿಲೇರುವುದರೊಳಗೆ ಗ್ಯಾರೇಜಿನ ಮುಂದಿನಿಂದಲೇ ಮನೆಗೆ ಮರಳುತ್ತಿದ್ದಳು. ಗ್ಯಾರೇಜು ಬಂದಾಗ ಅವಳ ನಡಿಗೆ ನಿಧಾನವಾಗುತ್ತಿತ್ತು. ಗಿರಿಯಪ್ಪ ಯಾವ ಗಾಡಿಯ ಕೆಳಗಿದ್ದರೂ ಆ ಹೊತ್ತಿಗೆ ಹೊರಗೆ ಬಂದು ಕೈ ಒರೆಸಿಕೊಳ್ಳುತ್ತಿದ್ದ.

"ಊಟ ಆತೇನ್ರಿ ಮಿಸ್ತ್ರಿ?"

"ಆತು."

ಅಷ್ಟೇ. ಆಗಿರದಿದ್ದರೂ ಆತು ಎನ್ನುತ್ತಿದ್ದ. ಆಗಿಲ್ಲ ಎಂದರೆ ಮಾತು ಬೆಳೆಯುತ್ತದೆ, ಬೆಳೆದರೆ ಮುಂದೇನು ಹೇಳುವುದು ಎಂಬ ದಿಗಿಲು. ಅವಳು ಹೋದ ಮೇಲೆ ಮಾತ್ರ ಅವನಿಗೆ ಹೇಳಬೇಕಾದದ್ದೆಲ್ಲ ಒಂದೂ ಬಿಡದೆ ನೆನಪಾಗುತ್ತಿತ್ತು.

ಹೋಳಿ ಹುಣ್ಣಿಮೆಯ ಹಿಂದುಮುಂದು ಮೈಲಾರಲಿಂಗಪ್ಪನ ಗಾಡಿಯ ವಾಟರ್ ಪಂಪು ಸೋರಿ, ಗಾಡಿ ಮೊದಲ ಸಲ ಆ ಬೇವಿನ ಮರದ ಕೆಳಗೆ ನಿಂತಿತು. ಗಿರಿಯಪ್ಪ ಹೊಸ ಪಂಪು ಹಿಡಿದು ಸೈಕಲ್ಲಿನಲ್ಲಿ ಹೋದ. ಫ್ಯಾನು ಬಿಚ್ಚಿದ, ಪಂಪು ಬದಲಿಸಿದ. ಫ್ಯಾನನ್ನು ಮತ್ತೆ ಕೂರಿಸುವಾಗ ಗುತ್ತೆವ್ವ ಇಬ್ಬರಿಗೂ ಮಜ್ಜಿಗೆ ತಂದಳು. ಗಿರಿಯಪ್ಪನ ಕೈತುಂಬ ಗ್ರೀಸು, ಅವನ ತಂಬಿಗೆ ಕಲ್ಲಿನ ಮೇಲೆ ಉಳಿಯಿತು. ಮೈಲಾರಲಿಂಗಪ್ಪ ತನ್ನದನ್ನು ಅವಳ ಕೈಯಿಂದಲೇ ತೆಗೆದುಕೊಂಡು, ತಗ್ಗಿದ ದನಿಯಲ್ಲಿ ಏನೋ ಹೇಳಿದ. ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಗು ನಿಂತಿತು ಎನ್ನುವಾಗ ಇನ್ನೊಮ್ಮೆ ನಕ್ಕಳು. ಗಿರಿಯಪ್ಪ ಅದನ್ನೇ ನೋಡುತ್ತ ಬೋಲ್ಟುಗಳನ್ನು ಬಿಗಿದ.

ಅಂದಿನಿಂದ ಶುರುವಾಯಿತು. ಎಲೆಯ ಹೇರು ಹೊತ್ತ ಗಾಡಿ ಏರು ಹತ್ತುವಷ್ಟರಲ್ಲಿ ಕಾಯುವುದು, ಸರಿಯಾಗಿ ಆ ಮನೆಯ ಮುಂದೆ ನಿಲ್ಲುವುದು, ಗುತ್ತೆವ್ವ ಕೊಡಪಾನದಲ್ಲಿ ನೀರು ತಂದುಕೊಡುವುದು. ಮೈಲಾರಲಿಂಗಪ್ಪ ಗಾಡಿಯನ್ನು ಎರಡು ಮೂರು ಸಲ ಗ್ಯಾರೇಜಿಗೂ ತಂದ. ಗಿರಿಯಪ್ಪ ಬೆಲ್ಟು ಒತ್ತಿ ನೋಡಿದ, ಬಿಗಿಯಾಗಿತ್ತು. ರೇಡಿಯೇಟರು ತೊಳೆದ, ಅದರ ಮುಚ್ಚಳ ಪರೀಕ್ಷಿಸಿದ. ನೀರು ಎಲ್ಲೂ ಸೋರುತ್ತಿರಲಿಲ್ಲ. ಎಂಜಿನ್ ಚಾಲೂ ಮಾಡಿದರೆ ಫ್ಯಾನು ಗಿರಗಿರ ತಿರುಗುತ್ತಿತ್ತು, ನಿಂತಲ್ಲೇ ಓಡಿಸಿದಾಗ ಮೀಟರಿನ ಮುಳ್ಳು ಮಧ್ಯವನ್ನು ದಾಟಲೇ ಇಲ್ಲ.

ಹಾಗಾದರೆ ಈ ಮಗ ಸುಳ್ಳು ಹೇಳುತ್ತಿದ್ದಾನೆ ಎಂದು ಗಿರಿಯಪ್ಪ ತೀರ್ಮಾನಿಸಿದ. ಮುಂದಿನದೆಲ್ಲ ಅವನ ತಲೆಯೇ ನೋಡಿಕೊಂಡಿತು. ಅವಳು ಕೊಡಪಾನ ಕೊಡುವಾಗ ಬೆರಳಿಗೆ ಬೆರಳು ತಾಗುತ್ತಿರಬಹುದು. ಅವನು ಟ್ರಾನ್ಸಿಸ್ಟರಿನಲ್ಲಿ ಹಾಡು ಹಚ್ಚುತ್ತಿರಬಹುದು. ಊಟ ಆತೇನ್ರಿ ಎಂದು ಅವಳು ಅವನನ್ನೂ ಕೇಳುತ್ತಿರಬಹುದು. ಇದನ್ನು ನೆನೆದಾಗ ಮಾತ್ರ ಗಿರಿಯಪ್ಪನಿಗೆ ಎರಡು ರೊಟ್ಟಿಗಿಂತ ಹೆಚ್ಚು ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಂದು ಶನಿವಾರ ಗುತ್ತೆವ್ವ ಗ್ಯಾರೇಜಿನ ಮುಂದೆ ನಿಂತೇಬಿಟ್ಟಳು. ಊಟದ ಸುದ್ದಿ ತೆಗೆಯಲಿಲ್ಲ.

"ಗಾಡಿಗೇನೂ ಆಗಿಲ್ಲ ಅಂತ ನೀವ ಹೇಳಿದ್ರಂತ, ಖರೇನ್ರಿ?"

ಗಿರಿಯಪ್ಪ ಕೈ ಒರೆಸುವ ಅರಿವೆಯನ್ನೇ ನೋಡಿದ. "ಹೇಳಿದ್ದೆ."

"ಮಿಸ್ತ್ರಿನ ಹಂಗಂದ ಮ್ಯಾಲೆ ಮಂದಿ ಬಿಡ್ತಾರೇನ್ರಿ? ಗಾಡಿ ಕೆಟ್ಟಿಲ್ಲ ಅಂದ್ರ ಅಂವ ದಿನಾ ಯಂಕವ್ವನ ಮನಿ ಮುಂದ ಯಾಕ ನಿಲ್ತಾನ ಅಂತ ಓಣಿ ತುಂಬ ಆಡಾಕತ್ತಾರ. ನಮ್ಮವ್ವ, ಮಂದಿ ಬಾಯಿಗೆ ಬಿದ್ದ ಮ್ಯಾಲೆ ಅಂವಗ ಕೊಟ್ಟುಬಿಡೂನು ಅಂತಾಳ. ಸೋಮವಾರ ಅವನ ಸೋದರತ್ತಿ ಎಲಿ ಅಡಕಿ ತಗೊಂಡು ಬರಾಕತ್ತಾಳ."

ನಿನಗ ಒಪ್ಪಿಗಿ ಐತೇನು ಎಂದು ಕೇಳಬೇಕಿತ್ತು. ನಾಲಿಗೆಯ ತುದಿಗೆ ಅದೇ ಬಂದಿತ್ತು. ಅಷ್ಟರಲ್ಲಿ ಹೊಟ್ಟೆಯೊಳಗಿನ ಕಿಚ್ಚು ಅಡ್ಡಬಂದು ಬೇರೆಯದನ್ನೇ ಆಡಿಸಿತು.

"ಹುಡುಗ ಛಲೋ ಅದಾನ. ಸ್ವಂತ ಗಾಡಿ ಐತಿ."

ಗುತ್ತೆವ್ವ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಗಾಡಿ ನೋಡಿ ಮದುವಿ ಆಗೂದಿದ್ರ ಬಸ್ ಸ್ಟ್ಯಾಂಡಿನ್ಯಾಗ ಹೋಗಿ ನಿಂದರ್ತಿದ್ನಿ," ಎಂದವಳೇ ಹೊರಟಳು. ಅವಳ ಕಣ್ಣಲ್ಲಿ ನೀರಿತ್ತೋ, ಸಿಟ್ಟಿತ್ತೋ ಅವನಿಗೆ ತಿಳಿಯಲಿಲ್ಲ. ಪೀರಸಾಬನಿಗೆ ತಿಳಿಯಿತು. ಅವನು ಅವತ್ತು ಕೆಣಕಲಿಲ್ಲ.

ಮರುದಿನ ಗಿರಿಯಪ್ಪ ಪಾನಾಗಳ ಚೀಲ ಹಿಡಿದು ಮೈಲಾರಲಿಂಗಪ್ಪನ ಕ್ಯಾಬಿನ್ನು ಹತ್ತಿದ. ಸುಳ್ಳನ್ನು ಅವಳ ಕಣ್ಣೆದುರೇ ಹಿಡಿಯಬೇಕು, ಸೋಮವಾರದ ಎಲೆ ಅಡಿಕೆ ಹಿರೇಕೆರೂರಿಗೆ ವಾಪಸು ಹೋಗಬೇಕು ಎಂಬುದು ಅವನ ಲೆಕ್ಕ.

"ಬಾ ದೋಸ್ತ, ಛಲೋ ಆತು. ನೀನ ಕುಂತು ನೋಡು," ಎಂದು ಮೈಲಾರಲಿಂಗಪ್ಪ ಜಾಗ ಬಿಟ್ಟುಕೊಟ್ಟ. ಅವನ ಸಲಿಗೆ ಗಿರಿಯಪ್ಪನಿಗೆ ಮತ್ತಷ್ಟು ಸಂಕಟ ತಂದಿತು.

ಸಪಾಟು ರಸ್ತೆಯಲ್ಲಿ ಮುಳ್ಳು ಅಲುಗಲಿಲ್ಲ. ಗಿರಿಯಪ್ಪ ಒಳಗೊಳಗೇ ನಕ್ಕ. ಏರು ಬಂತು. ಗಾಡಿ ಗೇರು ಇಳಿಸಿಕೊಂಡು ಮೆಲ್ಲಗೆ ಹತ್ತತೊಡಗಿತು. ಮುಳ್ಳು ಎದ್ದಿತು, ಮಧ್ಯ ದಾಟಿತು, ಮೇಲೆ ಬರುವಷ್ಟರಲ್ಲಿ ಕೆಂಪು ಗೆರೆಯನ್ನು ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಗಾಡಿ ಖರೇನೇ ಕಾದಿತ್ತು.

"ನೋಡಿದ್ಯಲ್ಲೋ. ಊರ ತುಂಬ ನನ್ನ ಸುಳ್ಳ ಮಾಡಿದಿ," ಎಂದು ಮೈಲಾರಲಿಂಗಪ್ಪ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿದ.

ಗುತ್ತೆವ್ವ ರೂಢಿಯಂತೆ ಕೊಡಪಾನ ಹಿಡಿದು ಬಾಗಿಲಿಗೆ ಬಂದಳು. ಗಿರಿಯಪ್ಪ ಇಳಿಯುವುದನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಕೊಡಪಾನ ಸೊಂಟದಿಂದ ಕೆಳಗಿಳಿಯಲಿಲ್ಲ. ಅವನೂ ತಲೆ ಎತ್ತಲಿಲ್ಲ.

ಎಂಜಿನ್ ತಣಿದ ಮೇಲೆ ಗ್ಯಾರೇಜಿನಿಂದ ತಂದಿದ್ದ ಡಬ್ಬಿಯ ನೀರು ತುಂಬಿ ಮತ್ತೆ ಚಾಲೂ ಮಾಡಿಸಿದ. ಬುಟ್ಟಿಯಿಂದ ಒಂದು ವೀಳ್ಯದೆಲೆ ಎಳೆದು ಗಾಡಿಯ ಮುಂದಿನ ಜಾಲರಿಗೆ ಇಟ್ಟ. ಒಳಗಿನ ಫ್ಯಾನು ಸರಿಯಾಗಿ ಗಾಳಿ ಎಳೆಯುತ್ತಿದ್ದರೆ ಎಲೆ ಅಂಟಿಕೊಂಡು ನಿಲ್ಲಬೇಕು. ಕೈ ಬಿಟ್ಟ. ಎಲೆ ಜಾರಿ ಅವನ ಪಾದದ ಮೇಲೆ ಬಿತ್ತು. ಇನ್ನೊಂದು ಇಟ್ಟ, ಅದೂ ಬಿತ್ತು. ಫ್ಯಾನೇನೋ ಗಿರಗಿರ ತಿರುಗುತ್ತಿತ್ತು, ಗಾಳಿ ಮಾತ್ರ ಎಳೆಯುತ್ತಿರಲಿಲ್ಲ.

ಎಂಜಿನ್ ಬಂದ್ ಮಾಡಿಸಿ ಒಳಗೆ ಕೈ ಹಾಕಿದ. ಇಷ್ಟು ದಿನ ತಿರುಗುವ ಫ್ಯಾನನ್ನು ನೋಡಿದ್ದನೇ ಹೊರತು ನಿಂತ ಫ್ಯಾನನ್ನು ಮುಟ್ಟಿರಲಿಲ್ಲ. ಬೆರಳಿಗೆ ರೆಕ್ಕೆಯ ಬಾಗು ಸಿಕ್ಕಿತು. ಎಂಜಿನ್ನಿನ ಕಡೆಗಿರಬೇಕಾದ ಮೈ ರೇಡಿಯೇಟರಿನ ಕಡೆಗಿತ್ತು. ಫ್ಯಾನನ್ನು ಹಿಂದುಮುಂದಾಗಿ ಕೂರಿಸಲಾಗಿತ್ತು. ಕೂರಿಸಿದವನು ಬೇರೆ ಯಾರೂ ಅಲ್ಲ.

ಗಿರಿಯಪ್ಪ ಕೈ ಹೊರಗೆ ತೆಗೆದ. ಸುಮ್ಮನೆ ತಿರುವಿ ಹಾಕಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ಮನಸ್ಸು ಹೇಳಿತು. ಮೈಲಾರಲಿಂಗಪ್ಪ ಆಚೆ ಮುಖ ತೊಳೆಯುತ್ತಿದ್ದ. ನಾಲ್ಕು ಬೋಲ್ಟಿನ ಕೆಲಸ.

ಅಷ್ಟರಲ್ಲಿ ಯಂಕವ್ವ ಹೊರಗೆ ಬಂದಳು. "ನೀ ಬಂದಿದ್ದು ಪಾಡಾತು ನೋಡು ಮಿಸ್ತ್ರಿ. ನಾಳೆ ಇವರ ಮಂದಿ ಬರೂದೈತಿ. ಒಂದ ಮಾತು ಹೇಳು. ಗಾಡಿ ಖರೇನ ಕೆಟ್ಟೈತೋ, ಇಲ್ಲಾ ನೀ ಅಂದಂಗ ಏನೂ ಆಗಿಲ್ಲೋ? ಏನೂ ಆಗಿಲ್ಲ ಅಂದ್ರ ನಾಳೆ ಎಲಿ ಹಿಡೀತೇನಿ. ಮಂದಿ ಬಾಯಾಗ ಮಗಳನ್ನ ಇಟಗೊಂಡು ಕುಂದ್ರಾಕ ನನ್ನ ಕೈಲೆ ಆಗೂದಿಲ್ಲ."

ಗುತ್ತೆವ್ವ ಈಗ ನೇರವಾಗಿ ಅವನನ್ನೇ ನೋಡುತ್ತಿದ್ದಳು. ಸುಮ್ಮನಿದ್ದರೆ ಮರ್ಯಾದೆ ಉಳಿಯುತ್ತದೆ, ಅವಳು ಹೋಗುತ್ತಾಳೆ. ಇಷ್ಟು ಸರಳವಾದ ಲೆಕ್ಕ ಅವನ ಜೀವಮಾನದಲ್ಲಿ ಎದುರಾಗಿರಲಿಲ್ಲ.

"ಕೆಟ್ಟೈತಿ ಯವ್ವಾ," ಎಂದ. "ಖರೇನ ಕೆಟ್ಟೈತಿ. ಕೆಡಿಸಿದಾಂವ ನಾನ. ಫ್ಯಾನು ಹಿಂದ ಮುಂದ ಹಾಕೇನಿ. ಸಪಾಟಿನ್ಯಾಗ ಎದುರ ಗಾಳಿ ಸಾಕಾಗತೈತಿ, ಏರಿನ್ಯಾಗ ಸಾಲೂದಿಲ್ಲ. ಅದಕ್ಕ ಗಾಡಿ ಇಲ್ಲೇ ನಿಲ್ತಿತ್ತು. ಈ ಹುಡುಗಂದು ಏನೂ ತಪ್ಪಿಲ್ಲ."

ಮೈಲಾರಲಿಂಗಪ್ಪ ಮುಖ ಒರೆಸುತ್ತ ಹತ್ತಿರ ಬಂದ. "ಕಣ್ಣು ಮುಚ್ಚಿದ್ರೂ ಫ್ಯಾನು ಸರಿ ಹಾಕೂ ಮನಷ್ಯಾ ನೀ. ಅವತ್ತ ಕಣ್ಣು ಎಲ್ಲಿ ಇಟ್ಟಿದ್ದಿ?"

ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗಲಿಲ್ಲ. ಗಿರಿಯಪ್ಪ ಪಾನಾವನ್ನು ಬಾನೆಟ್ಟಿನ ಮೇಲೆ ಇಟ್ಟ.

"ನಿಮ್ಮಿಬ್ಬರ ಮ್ಯಾಲೆ. ನೀ ಏನೋ ಅಂದಿ, ಅಕಿ ನಕ್ಕಳು. ನನ್ನ ಕೈ ಏನ ಮಾಡಾಕತ್ತೈತಿ ಅನ್ನೂದು ನನಗ ಗೊತ್ತಾಗಲಿಲ್ಲ. ನನ್ನ ಮುಂದ ಅಕಿ ಹಂಗ ಒಂದ ದಿನಾನೂ ನಕ್ಕಿರಲಿಲ್ಲ." ಒಂದು ಸಲ ಬಾಯಿ ಬಿಟ್ಟ ಮೇಲೆ ಅವನಿಗೆ ನಿಲ್ಲಿಸಲು ಬರಲಿಲ್ಲ. "ಹೊಟ್ಟಿಕಿಚ್ಚಿನ್ಯಾಗ ಊರಾಗ ಇಲ್ಲದ್ದು ಆಡೇನಿ. ನಿಮ್ಮ ಮಗಳ ಹೆಸರು ಕೆಡಿಸೇನಿ. ಬೈರಿ. ಆದ್ರ ಅಕಿನ್ನ ಬ್ಯಾರೇದಾಂವಗ ಕೊಟ್ರ ನಾ ಉಳಿಯಂಗಿಲ್ಲ ಯವ್ವಾ."

ಮೈಲಾರಲಿಂಗಪ್ಪ ಕರ್ಚೀಫನ್ನು ಮತ್ತೆ ಕೊರಳಿಗೆ ಸುತ್ತಿಕೊಂಡ. ಆಮೇಲೆ ನಿಧಾನವಾಗಿ, "ಅಂದ್ರ ದಿನಾ ನನ್ನ ಇಲ್ಲಿ ತಂದು ನಿಲ್ಲಿಸಿದಾಂವ ನೀನ," ಎಂದು ನಕ್ಕ. ನಗು ಪೂರ್ತಿ ಬರಲಿಲ್ಲ. "ಸುಳ್ಳ ಯಾಕ ಹೇಳ್ಲಿ, ನಿಂತೂ ನಿಂತೂ ನನಗೂ ಇಲ್ಲಿ ನಿಲ್ಲೂದು ಸೇರಾಕ ಹತ್ತಿತ್ತು." ಗುತ್ತೆವ್ವನ ಮುಖವನ್ನು ಒಮ್ಮೆ ನೋಡಿದ. ಅವಳ ಕಣ್ಣು ಯಾರ ಮೇಲಿದೆ ಎಂಬುದು ಅವನಿಗೆ ಕಂಡಿತು. "ಸೋದರತ್ತಿಗೆ ನಾ ಹೇಳ್ತೇನಿ. ನೀ ಲಗೂನ ಫ್ಯಾನು ತಿರುವಿ ಹಾಕು, ರೈಲು ತಪ್ಪತೈತಿ."

ಈ ಸಲ ಗಿರಿಯಪ್ಪನ ಕಣ್ಣು ಬೋಲ್ಟು ಬಿಟ್ಟು ಕದಲಲಿಲ್ಲ. ಮುಗಿಸಿ, ಮತ್ತೊಂದು ಎಲೆ ಇಟ್ಟ. ಗಾಳಿ ಅದನ್ನು ಜಾಲರಿಗೆ ಗಪ್ಪನೆ ಎಳೆದುಕೊಂಡಿತು. ಮೈಲಾರಲಿಂಗಪ್ಪ ಟ್ರಾನ್ಸಿಸ್ಟರನ್ನು ಮುಟ್ಟದೆ ಗಾಡಿ ಬಿಟ್ಟುಕೊಂಡು ಹೋದ. ಯಂಕವ್ವ ಒಳಗೆ ಹೋದಳು, ಬಾಗಿಲನ್ನು ಮಾತ್ರ ತೆರೆದೇ ಇಟ್ಟಳು.

ಗುತ್ತೆವ್ವ ಕೊನೆಗೂ ಕೊಡಪಾನ ಇಳಿಸಿ ಅವನ ಕೈಗೆ ನೀರು ಹಾಕಿದಳು. "ಒಂದು ಮಾತು ಆಡಾಕ ಒಂದು ಗಾಡಿ ಕೆಡಿಸಬೇಕಾತೇನ್ರಿ?"

ಅವನು ಗ್ರೀಸು ಉಜ್ಜುತ್ತ ನಿಂತ. ಎಲ್ಲ ಹೇಳಿಯಾಗಿತ್ತು, ಆದರೂ ಒಳಗೆ ಒಂದು ಮುಳ್ಳು ಉಳಿದಿತ್ತು. "ಅವತ್ತ ಅಂವ ಏನಂದ, ನೀ ಅಷ್ಟು ನಕ್ಕಿದ್ದು?"

"ಹೇಳೂದಿಲ್ಲ."

"ಯಾಕ?"

"ಹಂಗ. ನೀವು ಮುದುಕ ಆಗೂತನಕ ಹೇಳೂದಿಲ್ಲ."

ಗಿರಿಯಪ್ಪ ಮೊದಲು ಸಿಡುಕಿದ. ಆ ಮಾತಿನಲ್ಲಿ ಅವಳು ಎಷ್ಟು ವರ್ಷ ಕೊಟ್ಟುಬಿಟ್ಟಿದ್ದಾಳೆ ಎಂಬುದು ಆಮೇಲೆ ತಲೆಗೆ ಹೋಯಿತು. ಅವನ ಕೈ ನೀರಿನ ಕೆಳಗೇ ನಿಂತುಬಿಟ್ಟಿತು.

"ನಾಳೆ ನಮ್ಮವ್ವನ್ನ ಕರಕೊಂಡು ಬರ್ತೇನಿ," ಎಂದ.

"ನಾಡಿದ್ದು ಕರಕೊಂಡು ಬರ್ರಿ." ಗುತ್ತೆವ್ವ ಉಳಿದ ನೀರನ್ನೂ ಅವನ ಕೈಮೇಲೆ ಸುರಿದಳು. "ನಾಳೆ ಒಬ್ರ ಬರ್ರಿ. ಇನ್ನೂ ಬೈಯೂದು ಭಾಳ ಐತಿ."