ನಾಲ್ಕೂ ಕಡೆ ಹಸಿರು

ಸೋಮವಾರ ಬೆಳಿಗ್ಗೆ ಆಂಬುಲೆನ್ಸ್ ಚಾಲಕ ಠಾಣೆಗೆ ಬಂದು ಅಪಘಾತದ ಸುದ್ದಿ ಹೇಳಿದ. ಆಸ್ಪತ್ರೆ ವೃತ್ತದ ಸಿಗ್ನಲ್ ನಾಲ್ಕೂ ಕಡೆಗೆ ಒಟ್ಟಿಗೇ ಹಸಿರು ತೋರಿಸಿತ್ತು. ರಸ್ತೆ ದಾಟುತ್ತಿದ್ದ ನರ್ಸ್ ಗಾಡಿಗೆ ಸಿಕ್ಕಿ, ತಾನು ಕೆಲಸ ಮಾಡುವ ವಾರ್ಡಿಗೇ ರೋಗಿಯಾಗಿ ಸೇರಿದ್ದಳು. ಎಫ್‌ಐಆರ್ ದಾಖಲಾಯಿತು.

ಇದು ಮೂರನೆಯ ಸಲ. ಮೊದಲು ಗಡಿಯಾರ ಗೋಪುರ, ಆಮೇಲೆ ಗ್ರಂಥಾಲಯ, ಈಗ ಆಸ್ಪತ್ರೆ. ಮುಖ್ಯರಸ್ತೆಯಲ್ಲಿ ಜನ ಹಸಿರು ಕಂಡರೆ ಬ್ರೇಕ್ ಒತ್ತುತ್ತಿದ್ದರು. ಹಿಂದಿದ್ದವರು ಹಾರನ್ ಹೊಡೆಯುವುದನ್ನೂ ಬಿಟ್ಟಿದ್ದರು. ಆ ನಗರದಲ್ಲಿ ಭಯಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಇನ್ಸ್‌ಪೆಕ್ಟರ್ ಪಂಚರ ಸಮಕ್ಷಮ ಸಿಗ್ನಲ್ ಪೆಟ್ಟಿಗೆ ತೆರೆಸಿ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ; ತಂತಿಗಳಷ್ಟೇ ಅದಲುಬದಲಾಗಿದ್ದವು. ಬೀಗದ ಕೈ ಇದ್ದದ್ದು ಸಂಚಾರ ಠಾಣೆಯ ಉಗ್ರಾಣದಲ್ಲಿ ಮಾತ್ರ.

"ಇದೇ ರಸ್ತೇಲಿ ಮುಂದಿನ ಸಿಗ್ನಲ್ ಯಾವುದು?"

"ಶಾಲೆ ಗೇಟು ಸಾರ್," ಎಂದ ಕಾನ್‌ಸ್ಟೆಬಲ್. ಅವನ ಮಗಳು ಅಲ್ಲೇ ಒಂದನೇ ತರಗತಿ.

ಶಾಲೆಗೆ ಕಾವಲು ಹಾಕುವಂತೆ ಸಂಚಾರ ಠಾಣೆಗೆ ಹೇಳಿ, ಇಬ್ಬರೂ ಅಂಗಡಿಗಳ ಕ್ಯಾಮೆರಾ ನೋಡಲು ಕುಳಿತರು. ಮೂರೂ ಕಡೆ ಒಬ್ಬನೇ ಹೆಡ್ ಕಾನ್‌ಸ್ಟೆಬಲ್ ನಡುರಸ್ತೆಗಿಳಿದು ವಾಹನಗಳನ್ನು ಹತೋಟಿಗೆ ತಂದಿದ್ದ. ಪತ್ರಿಕೆಗಳು ಹೊಗಳಿದ್ದವು, ಇಲಾಖೆ ಬಹುಮಾನಕ್ಕೂ ಬರೆದಿತ್ತು. ಉಗ್ರಾಣ ನೋಡಿಕೊಳ್ಳುತ್ತಿದ್ದ ಅವನನ್ನು ಜೊತೆಯವರು ದಾರಿ ತೋರುವ ಕಂಬಕ್ಕೆ ಹೋಲಿಸಿ 'ಕೈಮರ' ಎನ್ನುತ್ತಿದ್ದರು.

"ಇನ್ನೂ ಹಿಂದಕ್ಕೆ ಹಾಕು."

ಸಿಗ್ನಲ್ ಕೆಡುವ ಮುಂಚೆಯೇ ಕೈಮರ ಮರದಡಿ ನಿಂತು ಬಿಳಿ ಕೈಗವಸು ತೊಡುತ್ತಿದ್ದ. ಬರಿಗೈ ಎತ್ತಿ ಅಭ್ಯಾಸವಿಲ್ಲದ ಮನುಷ್ಯ.

ಇನ್ಸ್‌ಪೆಕ್ಟರ್ ಸಂಚಾರ ಠಾಣೆಗೆ ಫೋನ್ ಮಾಡಿ, ಶಾಲೆ ಹತ್ತಿರ ಯಾರಿದ್ದಾರೆ ಎಂದು ಕೇಳಿದರು.

"ಕೈಮರನೇ ಸಾರ್. ನಂಬಿಕಸ್ಥ. ತಾನಾಗೇ ಕೇಳಿ ಹೋದ."

ಜೀಪು ತಲುಪುವಷ್ಟರಲ್ಲಿ ಶಾಲೆ ಬಿಟ್ಟಿತ್ತು. ನಾಲ್ಕೂ ಕಡೆ ಹಸಿರು. ನಡುವೆ ಕೈಮರ ಕೈ ಚಾಚಿ ನಿಂತಿದ್ದ. ಬಸ್ಸು, ಲಾರಿಗಳು ಅವನ ಅಂಗೈ ಮುಂದೆ ಗುರುಗುಟ್ಟುತ್ತಿದ್ದವು. ಮಕ್ಕಳು ಸಾಲಾಗಿ ದಾಟುತ್ತಿದ್ದರು. ಕಾನ್‌ಸ್ಟೆಬಲ್ ಬೇಡಿ ಹಿಡಿದು ಜಿಗಿಯಹೋದ. ಇನ್ಸ್‌ಪೆಕ್ಟರ್ ಅವನ ತೋಳು ಹಿಡಿದರು.

"ತಡಿಯಪ್ಪ. ಆ ಕೈ ಈಗ ಇಳಿದ್ರೆ ಮಕ್ಕಳ ಗತಿ ಏನು?"

ಕೊನೆಯ ಮಗು ದಾಟುವವರೆಗೂ ಪೊಲೀಸರು ಆರೋಪಿಯ ಅಪ್ಪಣೆಗೆ ಕಾದು ನಿಂತರು. ಮಧ್ಯಾಹ್ನ 3.40ಕ್ಕೆ ದಸ್ತಗಿರಿಯಾಯಿತು.

ಅವನ ಹೇಳಿಕೆ ಚಿಕ್ಕದು. ಗಡಿಯಾರ ಗೋಪುರದ ಕೆಳಗೆ ಕಟ್ಟೆಯ ಮೇಲೆ ನಿಂತು ವಾಹನಗಳಿಗೆ ಕೈ ತೋರಿಸುತ್ತಲೇ ತಲೆ ನೆರೆಸಿಕೊಂಡವನನ್ನು ಸಿಗ್ನಲ್ ಬಂದ ಮೇಲೆ ಉಗ್ರಾಣಕ್ಕೆ ಹಾಕಿದ್ದರು. ಒಂದು ಕಾಲಕ್ಕೆ ತಾನು ಕೈ ಎತ್ತಿದರೆ ಇಡೀ ರಸ್ತೆ ನಿಲ್ಲುತ್ತಿತ್ತು, ಈಗ ಮನೆಯಲ್ಲಿ ಬಾಯಿ ತೆರೆದರೆ ಮೊಮ್ಮಗಳೂ ನಿಲ್ಲುವುದಿಲ್ಲ ಎಂದ.

"ಆ ನರ್ಸ್ ಕಾಲು ಹೋಯ್ತು, ಗೊತ್ತಾ?"

ಕೈಮರ ತಲೆ ತಗ್ಗಿಸಿದ. "ಸ್ವಲ್ಪ ಮುಂಚೆ ರಸ್ತೆಗೆ ಇಳೀಬಹುದಿತ್ತು ಸಾರ್," ಎಂದ ಮೆಲ್ಲಗೆ. "ಆದ್ರೆ ಆಗಿನ್ನೂ ಅಲ್ಲಿ ಯಾರೂ ಹೆದರಿರ್ಲಿಲ್ಲ."