ಗೋಡೆಯಾಚೆ ಉಜ್ಜಿದವರು

ನನ್ನ ಚಿಕ್ಕಮ್ಮನ ಗುಂಡಿಗೆ ಎಂಥದ್ದೆಂದು ಒಂದು ಸುಡು ಮಧ್ಯಾಹ್ನ ಕಣ್ಣಾರೆ ಕಂಡೆ. ಅವಳ ಮಂಡಿನೋವಿಗೆ ಈಜಲೇಬೇಕೆಂದು ಡಾಕ್ಟರು ಹೇಳಿದ್ದರು. ಆದರೆ ಮನೆಯ ಈಜುಕೊಳದ ಒಂದು ಗೋಡೆಗೆ ಹಿಡಿದಿದ್ದ ಪಾಚಿ ಕ್ಲೋರಿನ್‌ಗೂ ಜಗ್ಗಿರಲಿಲ್ಲ. ಇಬ್ಬರೂ ಸೊಂಟಮಟ್ಟದ ನೀರಿಗಿಳಿದು ಬ್ರಷ್ಷಿನಿಂದ ಉಜ್ಜಿದೆವು. ಸುಸ್ತಾಗಿ ಕೈ ನಿಲ್ಲಿಸಿದರೂ ಉಜ್ಜುವ ಸದ್ದು ನಿಲ್ಲಲಿಲ್ಲ. ಅದು ಗೋಡೆಯ ಆಚೆಯಿಂದ ಬರುತ್ತಿತ್ತು. ಕಾಲ ಸುತ್ತಲಿನ ನೀರು ಮಂಜಿನಂತೆ ಕೊರೆಯತೊಡಗಿತು.

“ಚಿಕ್ಕಮ್ಮಾ, ಎದ್ದು ಬಾ, ಹೋಗೋಣ!” ಎಂದೆ. ನನ್ನ ಹಲ್ಲು ಕಟಕಟ ಎನ್ನುತ್ತಿತ್ತು.

“ಸುಮ್ನಿರೋ. ಪಾಪ, ಯಾರೋ ಕೈ ಜೋಡಿಸ್ತಿದಾರೆ. ನಾವೇ ಬಿಟ್ಟು ಹೋದ್ರೆ ಏನಂದ್ಕೊಳ್ತಾರೆ?” ಎಂದವಳೇ ಆ ಸದ್ದಿಗೆ ಸರಿಯಾಗಿ ಉಜ್ಜತೊಡಗಿದಳು. ಪಾಚಿ ಸಿಪ್ಪೆಯಂತೆ ಕಳಚಿ ಬಂತು. ಆಮೇಲೆ ಸದ್ದೂ ನಿಂತಿತು.

ಚಿಕ್ಕಮ್ಮ ಈಗ ದಿನವೂ ಅಲ್ಲೇ ಈಜುತ್ತಾಳೆ. ಕೊಳ ಕಟ್ಟಿದ ಮೇಸ್ತ್ರಿಯನ್ನು ನಾನು ವಿಚಾರಿಸಿದೆ. ಆ ಗೋಡೆಯ ಹಿಂದೆ ಇಡೀ ಬಂಡೆಯೇ ಇದೆಯಂತೆ, ಇಲಿ ನುಸುಳುವಷ್ಟೂ ಜಾಗವಿಲ್ಲವಂತೆ.