ನಲವತ್ತೈದು ಎಂಎಂ ಕೆಳಗೆ

ಸ್ಪೀಡೋಮೀಟರಿನ ಮುಳ್ಳು ನೂರು ದಾಟಿತು.

ಪಕ್ಕದ ಸೀಟಿನಲ್ಲಿ ಬಾಬ್ಜಿ. ಎರಡೂ ಕೈಯಲ್ಲಿ ಡ್ಯಾಶ್‌ಬೋರ್ಡ್ ಅಪ್ಪಿಕೊಂಡಿದ್ದ. ಹಿಂದೆ, ಕನ್ನಡಿಯ ತುಂಬಾ, ಒಂದು ಬಿಳಿ ಪಿಕಪ್. ಓಡಿಸುತ್ತಿದ್ದವನು ಬಾಬ್ಜಿಯ ಮೆಕ್ಯಾನಿಕ್ ಫಣಿ. ಅವನ ಬಳಿ ಎರಡಡಿ ಉದ್ದದ ಕಬ್ಬಿಣದ ರಾಡು ಇತ್ತು. ಅದರ ರುಚಿ ಕಾಲು ಗಂಟೆಯ ಹಿಂದಷ್ಟೇ ನನ್ನ ಬಲಭುಜಕ್ಕೆ ಸಿಕ್ಕಿತ್ತು.

"ನಿಲ್ಲಿಸ್ರೀ ಸಾರ್!"

"ಫೋನ್ ಮಾಡ್ತೀಯಾ?"

"ಯಾರಿಗ್ರೀ?"

"ಅನಿರುದ್ಧನಿಗೆ. ಹಾಕಿರೋದು ಕಟ್ ಮಾಡಿದ ಸ್ಪ್ರಿಂಗು, ಗಾಡಿ ನಿಲ್ಲಿಸು ಅಂತ ಹೇಳು. ಅಷ್ಟೇ!"

"ನಮ್ದು ಒರಿಜಿನಲ್ ಮಾಲು ರೀ!"

"ಒರಿಜಿನಲ್ಲಾ? ಹಾಗಿದ್ರೆ ಹೆದರಿಕೆ ಯಾಕೆ? ಈ ಕಾರಿಗೂ ನಿಮ್ಮ ಅಂಗಡಿಯವರು ಅದನ್ನೇ ತಾನೇ ಹಾಕಿದ್ದು!"

ಬಿಲ್ಲನ್ನು ಅವನ ಮಡಿಲಿಗೆ ಎಸೆದೆ. ಅವನದೇ ವಿಶಾಖಪಟ್ಟಣದ ಅಂಗಡಿಯ ಬಿಲ್ಲು. ನನ್ನ ಕಾರಿನ ನಂಬರು. ಕೆಂಪು ಸ್ಪ್ರಿಂಗ್, ನಲವತ್ತೈದು ಎಂಎಂ ಡ್ರಾಪ್, ಅಂದರೆ ಕಾರು ಅಷ್ಟು ಕೆಳಕ್ಕೆ. ಎಂಟು ದಿನದ ಹಿಂದಿನ ತಾರೀಕು.

ಓದಿದ. ಸೀಟ್ ಬೆಲ್ಟ್ ಹುಡುಕತೊಡಗಿದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ಇಲ್ಲದಿದ್ದರೆ ನೀವು ನನ್ನನ್ನೇ ರೌಡಿ ಅಂದುಕೊಳ್ಳುತ್ತೀರಿ.

ನಾನು ಶೇಷಗಿರಿ. ತುಮಕೂರಿನವನು. ವಿಶಾಖಪಟ್ಟಣಕ್ಕೆ ಬಂದು ಹತ್ತೊಂಬತ್ತು ವರ್ಷ. ಇನ್ಶೂರೆನ್ಸ್ ಕಂಪನಿಗಳಿಗೆ ಸರ್ವೇಯರ್. ಜಜ್ಜಿಹೋದ ಕಾರುಗಳನ್ನು ನೋಡಿ, ಯಾರು ಸುಳ್ಳು ಹೇಳುತ್ತಿದ್ದಾರೆ ಎಂದು ಹೇಳುವ ಕೆಲಸ. ಸಾಮಾನ್ಯವಾಗಿ ಎಲ್ಲರೂ ಹೇಳುತ್ತಿರುತ್ತಾರೆ.

ಅನಿರುದ್ಧ್ ನನ್ನ ಅಕ್ಕನ ಮಗಳು ಮಾನಸಳ ಗಂಡ. ಅಕ್ಕ ಹೋದ ಮೇಲೆ ಮಾನಸ ಒಂಬತ್ತನೇ ವಯಸ್ಸಿನಿಂದ ನನ್ನ ಮನೆಯಲ್ಲೇ ಬೆಳೆದವಳು. ಅವರಿಗೆ ಐದು ವರ್ಷದ ಮಗಳು, ಇಂಚರಾ. ಅನಿರುದ್ಧನಿಗೆ ಔಷಧಿ ಕಂಪನಿಯಲ್ಲಿ ಕೆಲಸ. ದಿನಾ ಅರವತ್ತು ಕಿಲೋಮೀಟರ್ ಓಡುವ ಕಾರು. ಮಗುವಿನ ಸ್ಕೂಲು, ತರಕಾರಿ, ಗ್ಯಾಸ್ ಸಿಲಿಂಡರು ಎಲ್ಲಾ ಅದರಲ್ಲೇ.

ಹೋದ ತಿಂಗಳು ದ್ವಾರಕಾ ನಗರದ ನನ್ನ ಮನೆಗೆ ಬಂದ. ಸ್ಟೈಲಿಗೆ ಗಿಡ್ಡ ಸ್ಪ್ರಿಂಗ್ ಹಾಕಿಸಿ ಕಾರು ತಗ್ಗಿಸಬೇಕಂತೆ! ಫೋನಿನಲ್ಲಿ ನಾಲ್ಕು ಬಗೆಯ ಸ್ಪ್ರಿಂಗ್ ತೋರಿಸಿದ.

"ಯಾವುದು ಮಾವ?"

"ದಿನಾ ಓಡೋ ಗಾಡಿಗೆ ಇಪ್ಪತ್ತೈದು ಎಂಎಂ ಸಾಕಪ್ಪ. ನಿನ್ನ ಮಾಡೆಲ್‌ಗೇ ಅಂತ ಮಾಡಿದ್ದು ಇರಬೇಕು. ಪಾರ್ಟ್ ನಂಬರ್ ಇರಬೇಕು. ಜಾಕಿ ಹಾಕಿ ಎತ್ತಿದಾಗ ಸ್ಪ್ರಿಂಗ್ ಕೈಗೆ ಅಲ್ಲಾಡಬಾರದು."

"ಇಪ್ಪತ್ತೈದು ಇಳಿಸಿದ್ರೆ ಕಣ್ಣಿಗೇ ಕಾಣಲ್ಲ ಮಾವ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ನಾಲ್ಕು ಬೆರಳು ಹೋಗುತ್ತೆ. ಕಾರಾ ಅದು? ಒಂಟೆ!"

"ನಲವತ್ತೈದು ಇಳಿಸಿ, ಹಿಂದೆ ಮೂರು ಜನ ಕೂರಿಸು. ಆಗ ಒಂಟೆ ಮೊಣಕಾಲೂರುತ್ತೆ."

ನಗುತ್ತಾ ಹೋದ. ಮಾತು ಕೇಳಿದ ಅಂದುಕೊಂಡೆ.

ಕೇಳಿರಲಿಲ್ಲ! ಬಾಬ್ಜಿಯ ಹತ್ತಿರ ಹೋಗಿದ್ದ.

ಬಾಬ್ಜಿ ಹತ್ತು ವರ್ಷ ಬಳ್ಳಾರಿಯಲ್ಲಿ ಗ್ಯಾರೇಜ್ ಇಟ್ಟಿದ್ದವನು. ಸೊಗಸಾಗಿ ಕನ್ನಡ ಮಾತಾಡುತ್ತಾನೆ. ಅದೇ ಅವನ ಬಂಡವಾಳ! ಪರ ಊರಿಗೆ ವರ್ಗವಾಗಿ ಬಂದ ನಮ್ಮ ಜನಕ್ಕೆ ಬೆಳಗಿನಿಂದ ಸಂಜೆವರೆಗೆ ಕಿವಿ ತುಂಬಾ ತೆಲುಗು. ಯಾರಾದರೂ "ಬರ್ರೀ ಸಾರ್, ಕೂಡ್ರೀ, ಚಾ ತಗೊಳ್ರೀ" ಅಂದರೆ ಸಾಕು... ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ. ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಅವನ ನಂಬರು ಸುತ್ತಾಡುತ್ತಿತ್ತು. 'ನಮ್ಮವರೇ, ನಂಬಬಹುದು' ಎಂಬ ಷರಾ ಬೇರೆ!

ಯಾರೂ ಸ್ಪ್ರಿಂಗನ್ನು ನೋಡಲಿಲ್ಲ. ಭಾಷೆ ನೋಡಿ ಆರಿಸಿದರು.

ಅವನ ಉಪಾಯ ಸರಳ. "ಹಳೇ ಸ್ಪ್ರಿಂಗ್ ಮನ್ಯಾಗಿಟ್ಟು ಏನ್ ಮಾಡ್ತೀರಿ ಸಾರ್? ಇಲ್ಲೇ ಬಿಡ್ರೀ, ಫಿಟ್ಟಿಂಗ್ ಫ್ರೀ!" ಎಲ್ಲರೂ ಬಿಟ್ಟುಬರುತ್ತಿದ್ದರು. ಫಣಿ ಗ್ಯಾಸ್ ಕಟರ್ ಹಿಡಿದು ಒಂದೂವರೆ ಸುತ್ತು ಕತ್ತರಿಸುತ್ತಿದ್ದ. ಕೆಂಪು ಬಣ್ಣ. ಮೇಲೊಂದು ಫಾರಿನ್ ಸ್ಟಿಕ್ಕರ್. ನಿಮ್ಮ ಹಳೇ ಸ್ಪ್ರಿಂಗು ಮುಂದಿನ ಗಿರಾಕಿಯ ಹೊಸ ಸ್ಪ್ರಿಂಗು!

ನನಗೆ ಗೊತ್ತಾಗಿದ್ದು ಸಾತ್ವಿಕ್‌ನಿಂದ. ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದ ದಾವಣಗೆರೆಯವನು. ಅನಕಾಪಲ್ಲಿಯ ಹತ್ತಿರ ಸೇತುವೆ ಇಳಿಯುವಾಗ ಅವನ ಕಾರು ಮೂರು ಪಲ್ಟಿ ಹೊಡೆಯಿತು. ಹಿಂದಿನ ಸ್ಪ್ರಿಂಗು ಇಪ್ಪತ್ತಡಿ ದೂರದ ಹೊಲದಲ್ಲಿ ಸಿಕ್ಕಿತು. ಕೆಂಪು ಬಣ್ಣ ಕೆರೆದೆ. ಅಡಿಯಲ್ಲಿ ಕಾರು ಕಂಪನಿಯ ಕಪ್ಪು ಬಣ್ಣ! ತುದಿ ನೋಡಿದೆ. ಬೆಂಕಿಗೆ ಕರಗಿ ಬೆಲ್ಲದ ಪಾಕದಂತೆ ಗಟ್ಟಿಯಾಗಿತ್ತು. ಸಾತ್ವಿಕ್ ಇನ್ನೂ ಎದ್ದು ನಿಂತಿಲ್ಲ.

ಹಾಗಾಗಿ ನಾನೇ ಗಿರಾಕಿಯಾಗಿ ಹೋಗಿ, ನನ್ನ ಕಾರಿಗೂ ಹಾಕಿಸಿ, ಬಿಲ್ಲು ಪಡೆದೆ. ಬಾಬ್ಜಿ ಅಲ್ಲಿರಲಿಲ್ಲ. ವಿಜಯವಾಡದಲ್ಲಿ, ಬೆಂಜ್ ಸರ್ಕಲ್ ಹತ್ತಿರ, ಹೊಸ ಬ್ರಾಂಚು ತೆರೆದಿದ್ದ. ಅವನನ್ನು ಹುಡುಕಿಕೊಂಡು ಇಲ್ಲಿಗೆ ಬಂದೆ.

ಇವತ್ತು ಬೆಳಿಗ್ಗೆ ಹನ್ನೊಂದಕ್ಕೆ ಮಾನಸಳ ಫೋನು.

"ಮಾಮಾ, ನಾವೂ ವಿಜಯವಾಡಕ್ಕೆ ಬರ್ತಿದೀವಿ! ಅನಿ ಫ್ರೆಂಡ್ ಮನೆ ಗೃಹಪ್ರವೇಶ. ರಾಜಮಂಡ್ರಿ ದಾಟಿ ಆಯ್ತು."

"ಸರಿ. ಏನದು ಹಿಂದೆ ಶಬ್ದ?"

"ಅದಾ... ಹೊಸ ಸ್ಪ್ರಿಂಗು. ಕೆಂಪಂದು. ಬಾಬ್ಜಿ ಅನ್ನೋರ ಹತ್ರ ಹಾಕಿಸಿದ್ರು. ನಿಮಗೆ ಹೇಳಬೇಡ ಅಂದಿದ್ರು. ಬೆಳಿಗ್ಗೆಯಿಂದ ಕಟಕಟ ಅಂತಿದೆ."

ನನ್ನ ಕೈಯಲ್ಲಿದ್ದ ಇಡ್ಲಿ ತಟ್ಟೆಗೆ ಬಿತ್ತು.

"ಗಾಡಿ ನಿಲ್ಲಿಸೋಕೆ ಹೇಳು. ಈಗಲೇ!"

ಅನಿರುದ್ಧನ ಧ್ವನಿ ಬಂತು. "ಮಾವ, ನೀವು ಮೊದಲಿಂದಲೂ ಬೇಡ ಅಂದೋರೇ. ಸೆಟ್ ಆಗೋವರೆಗೂ ಶಬ್ದ ಬರುತ್ತೆ ಅಂತ ಬಾಬ್ಜಿ ಅಣ್ಣ ಹೇಳಿದಾರೆ."

"ಅವನು ಕಳ್ಳ ಕಣೋ!"

"ಅವರೇ ನಿಲ್ಲಿಸು ಅನ್ನಲಿ. ನಿಲ್ಲಿಸ್ತೀನಿ."

ಕಟ್! ಆಮೇಲೆ ಎಷ್ಟು ಸಲ ಮಾಡಿದರೂ ಇಬ್ಬರೂ ಎತ್ತಲಿಲ್ಲ.

ಅವರೇ ಅನ್ನಲಿ... ಅನ್ನಿಸಬೇಕು. ನನ್ನ ಮುಂದೆ ಉಳಿದಿದ್ದು ಅದೊಂದೇ ದಾರಿ.

ಬಾಬ್ಜಿ ಅಂಗಡಿಯ ಮುಂದೆ ಚಹಾ ಕುಡಿಯುತ್ತಾ ನಿಂತಿದ್ದ. ಕಾರು ನಿಲ್ಲಿಸಿ ಕನ್ನಡದಲ್ಲೇ ಕರೆದೆ. "ಬನ್ನಿ ಬಾಬ್ಜಿ ಅವರೇ, ಬಿಸಿಲಲ್ಲಿ ಯಾಕೆ, ಎಸಿಯಲ್ಲಿ ಕೂತು ಮಾತಾಡೋಣ." ಗ್ಲಾಸು ಹಿಡಿದುಕೊಂಡೇ ಬಂದು ಕೂತ! ಅವನ ಔಷಧಿ ಅವನ ಮೇಲೂ ಕೆಲಸ ಮಾಡಿತು. ನಾನು ಗೇರು ಹಾಕಿದೊಡನೆ ಫಣಿಗೆ ಸಂಶಯ ಬಂತು. ನನ್ನ ಪಕ್ಕದ ಕಿಟಕಿಯೊಳಗೆ ರಾಡು ನುಗ್ಗಿಸಿದ. ಭುಜಕ್ಕೆ ಬಿತ್ತು. ಆದರೂ ಕಾರು ನಿಲ್ಲಿಸಲಿಲ್ಲ.

ಹಾಗೆ ಹೈವೇ ಹತ್ತಿದೆವು. ಏಲೂರಿನ ಕಡೆಗೆ.

"ಸಾರ್... ಸ್ವಲ್ಪ ನಿಧಾನ..." ಬಾಬ್ಜಿಯ ಹಣೆಯಿಂದ ಬೆವರು ಸುರಿಯುತ್ತಿತ್ತು.

ಟಕ್!

ಹಿಂದಿನಿಂದ ಶಬ್ದ.

"ಏನ್ರೀ ಅದು?"

"ನೀನೇ ಹೇಳಬೇಕು. ಸೆಟ್ ಆಗ್ತಿದೆ ಅಂತ ಕಾಣುತ್ತೆ!"

ಟಕ್... ಟಕ್!

ಅಷ್ಟರಲ್ಲಿ ಫಣಿ ಪಿಕಪ್ಪಿನ ಮೂತಿಯಿಂದ ನನ್ನ ಬಂಪರಿಗೆ ಗುದ್ದಿದ. ಕಾರು ಎಡಕ್ಕೆ ಎಳೆಯಿತು. ತೆಂಗಿನಕಾಯಿ ತುಂಬಿದ ಲಾರಿಯೊಂದು ಕೂದಲೆಳೆಯಲ್ಲಿ ತಪ್ಪಿತು. ಬಾಬ್ಜಿ ಇದ್ದಬದ್ದ ದೇವರನ್ನೆಲ್ಲ ಕರೆದ.

"ರೇಯ್ ಫಣಿ! ಗುದ್ದಬೇಡವೋ! ಗುದ್ದಬೇಡ!"

"ಅವನಿಗೆ ಕೇಳಿಸಲ್ಲ. ಮುಂದೆ ನೋಡು."

ಮುಂದೆ ಫ್ಲೈಓವರ್.

"ಹತ್ತುವಾಗ ಏನೂ ಆಗಲ್ಲ ಬಾಬ್ಜಿ. ನೆತ್ತಿ ದಾಟಿದ ಮೇಲೆ ಮಜಾ. ಕಾರು ಹಗುರ ಆಗುತ್ತೆ. ಹಿಂದಿನ ಚಕ್ರ ಜೋತು ಬೀಳುತ್ತೆ. ನಿನ್ನ ಸ್ಪ್ರಿಂಗು ಗಿಡ್ಡ. ಗೂಡಿನಿಂದ ಜಾರುತ್ತೆ. ಸಾತ್ವಿಕ್‌ಗೆ ಆಗಿದ್ದು ಅದೇ..."

"ಸಾರ್, ನೀವೂ ಸಾಯ್ತೀರ್ರೀ!"

"ನನಗೆ ಐವತ್ತಾರು. ಸಕ್ಕರೆ ಕಾಯಿಲೆ ಬೇರೆ. ನಿನಗೆ?"

ಫ್ಲೈಓವರ್ ಏರತೊಡಗಿತು.

ಟಕ್! ಟಕ್! ಟಕ್!

"ಮಾಡ್ತೀನಿ! ಮಾಡ್ತೀನ್ರೀ!"

ನಂಬರು ಒತ್ತಿದ. ಫೋನ್ ಸ್ಪೀಕರಿನಲ್ಲಿಟ್ಟ. ರಿಂಗು... ರಿಂಗು... ಎತ್ತಲಿಲ್ಲ. ಮತ್ತೊಮ್ಮೆ. ಕಾಲ್ ಹೋಗಲೇ ಇಲ್ಲ. ನೆತ್ತಿ ಬಂತು, ದಾಟಿತು. ಬಾಬ್ಜಿ ಕಣ್ಣು ಮುಚ್ಚಿ ಕಿರುಚಿದ. ಮೂರನೇ ಸಲ...

"ಹಲೋ, ಅಣ್ಣಾ!" ಅನಿರುದ್ಧನ ಉತ್ಸಾಹದ ಧ್ವನಿ. "ಕಾರು ರೋಡಿಗೆ ಅಂಟ್ಕೊಂಡು ಹೋಗ್ತಿದೆ ಅಣ್ಣಾ! ಏನ್ ಲುಕ್ಕು!"

"ಸಾರ್... ಎಲ್ಲಿದೀರಿ?"

"ಏಲೂರು ಬೈಪಾಸ್. ಮುಂದೆ ಬ್ರಿಡ್ಜ್ ಕಾಣ್ತಿದೆ."

"ಹತ್ತಬ್ಯಾಡ್ರೀ!"

"ಯಾಕಣ್ಣಾ?"

ಬಾಬ್ಜಿ ಬಾಯಿ ಮುಚ್ಚಿದ. ಫ್ಲೈಓವರ್ ದಾಟಿದೆವಲ್ಲ, ಧೈರ್ಯ ಮರಳುತ್ತಿತ್ತು. ನಾನು ಮುಂದಿನ ಫ್ಲೈಓವರ್ ಕಡೆ ಗಲ್ಲ ತೋರಿಸಿ ಆಕ್ಸಿಲರೇಟರ್ ಒತ್ತಿದೆ.

"ಅದು ಡೂಪ್ಲಿಕೇಟ್ ರೀ!" ಅವನು ಅಳುತ್ತಲೇ ಕೂಗಿದ. "ಯಾರದ್ದೋ ಹಳೇ ಸ್ಪ್ರಿಂಗು! ಕಟ್ ಮಾಡಿ ಬಣ್ಣ ಬಳಿದಿದ್ದು! ನಿಲ್ಲಿಸ್ರೀ! ಬಿಚ್ಕೊಂಡು ಹೋಗ್ತೈತೆ!"

"ಅಣ್ಣಾ, ಏನಂದ್ರಿ?"

ಆಮೇಲೆ ಬ್ರೇಕಿನ ಕಿರುಚಾಟ. ಲಾರಿಯ ಹಾರನ್ನು. ಮಗುವಿನ ಕೂಗು...

ಲೈನ್ ಕಟ್ಟಾಯಿತು.

ನಾನು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಮತ್ತೆ ಫೋನ್ ಮಾಡಿದೆ. ಸ್ವಿಚ್ ಆಫ್! ಮಾನಸಳದ್ದು? ರಿಂಗಾಗುತ್ತಲೇ ಇತ್ತು.

ಬಾಬ್ಜಿ ಇಳಿದು ರಸ್ತೆ ಬದಿಯಲ್ಲಿ ವಾಂತಿ ಮಾಡಿಕೊಂಡ. ಬಾಯಿ ಒರೆಸಿಕೊಳ್ಳುತ್ತಾ ಬಗ್ಗಿದವನ ಕಣ್ಣು ನನ್ನ ಹಿಂದಿನ ಚಕ್ರದ ಮೇಲೆ ಬಿತ್ತು. ಟೈರಿನ ಮೇಲೆ ಧಾರಾಳ ಜಾಗ. ಒಳಗೆ ಕಪ್ಪು ಸ್ಪ್ರಿಂಗು.

"ಇದು ಕಂಪನಿ ಸ್ಪ್ರಿಂಗು!"

"ಮತ್ತೇನು, ನಿನ್ನದನ್ನ ಹಾಕ್ಕೊಂಡು ಓಡಿಸೋಕೆ ನನಗೆ ಹುಚ್ಚಾ? ಅವತ್ತೇ ಬಿಚ್ಚಿಸಿ ಹೊಸದು ಹಾಕಿಸಿದೆ."

"ಆ ಶಬ್ದ?"

"ಡಿಕ್ಕಿಯಲ್ಲಿ ಜಾಕಿ ಉರುಳ್ತಿತ್ತು."

ಅವನ ಮುಖ ಕೆಂಡವಾಯಿತು. ಪಿಕಪ್ಪು ಬಂದು ನಿಂತಿತ್ತು. ಫಣಿ ರಾಡು ಹಿಡಿದು ಇಳಿದ.

"ಹೊಡಿ ಇವನನ್ನ!"

ನಾನು ಫೋನ್ ಕಿವಿಯಿಂದ ತೆಗೆಯಲಿಲ್ಲ. ರಿಂಗಾಗುತ್ತಿತ್ತು... ಯಾರೂ ಎತ್ತುತ್ತಿರಲಿಲ್ಲ.

"ಹೊಡೀತೀಯಾ? ಹೊಡಿ," ಎಂದೆ ತೆಲುಗಿನಲ್ಲಿ. "ನೀನು ಕತ್ತರಿಸಿದ ಸ್ಪ್ರಿಂಗಿನ ಮೇಲೆ ಐದು ವರ್ಷದ ಮಗು ಕೂತಿದೆ. ಬದುಕಿದೆಯೋ ಇಲ್ಲವೋ, ಫೋನ್ ಎತ್ತುತ್ತಿಲ್ಲ. ಬಾಬ್ಜಿ ಈಗ ತಾನೇ ಎಲ್ಲಾ ಒಪ್ಪಿಕೊಂಡ. ಅನಿರುದ್ಧನ ಫೋನಿನಲ್ಲಿ ಪ್ರತಿ ಕಾಲೂ ರೆಕಾರ್ಡ್ ಆಗುತ್ತೆ."

ಫಣಿಯ ಕೈ ಗಾಳಿಯಲ್ಲೇ ನಿಂತಿತು. "ಅವು ಶೋಗೆ ನಿಲ್ಲಿಸೋ ಗಾಡಿಗೆ ಅಂದಿದ್ರಲ್ಲ ಬಾಬ್ಜಿ ಗಾರು?"

ಬಾಬ್ಜಿ ಲೆಕ್ಕ ಹಾಕಿದ. ತಪ್ಪು ಲೆಕ್ಕ! ನನ್ನ ಕಡೆ ತಿರುಗಿ ಕೈ ಮುಗಿದ.

"ಸಾರ್, ಕಟ್ ಮಾಡಿದ್ದು ಇವನೇ! ನನಗೇನೂ ಗೊತ್ತಿಲ್ಲ. ಇವನ ಮೇಲೆ ಕೇಸ್ ಹಾಕಿಸ್ರೀ!"

ಕನ್ನಡದಲ್ಲೇ ಹೇಳಿದ. ಆದರೆ ಫಣಿಯೂ ಬಳ್ಳಾರಿಯಲ್ಲಿ ಅವನ ಜೊತೆ ಹತ್ತು ವರ್ಷ ಇದ್ದವನೇ!

ರಾಡು ಬೀಸಿತು. ನನ್ನ ಮೇಲಲ್ಲ. ಬಾಬ್ಜಿಯ ಮೊಣಕಾಲಿಗೆ. ಅವನು ಬಿದ್ದು ಹೊರಳಾಡಿದ. ಎರಡನೇ ಏಟಿಗೆ ನಾನು ಅಡ್ಡ ಹೋದೆ. ಅವನ ಮೇಲಿನ ಪ್ರೀತಿಗಲ್ಲ. ಬೇರೆ ಯಾವ ಯಾವ ಕಾರಿಗೆ ಹಾಕಿದ್ದಾನೆ ಎಂದು ಹೇಳಲು ಬಾಯಿ ಬೇಕಿತ್ತಲ್ಲ!

"ಅವನನ್ನು ಕೇಳೋದು ಬೇಡ," ಎಂದ ಫಣಿ ಏದುಸಿರು ಬಿಡುತ್ತಾ. ಜೇಬಿನಿಂದ ಫೋನ್ ತೆಗೆದ. "ಫಿಟ್ಟಿಂಗ್ ಮಾಡಿದ ಪ್ರತಿ ಗಾಡಿಯ ಫೋಟೋ ಇದೆ. ಮಾಲೀಕರ ಫೋನ್ ನಂಬರ್ ಸಮೇತ. ಇಪ್ಪತ್ತೆರಡು."

ಆಗ ನನ್ನ ಫೋನ್ ಬಡಿದುಕೊಂಡಿತು.

ಮಾನಸ!

"ಮಾಮಾ..." ಅಳು. ಬರೀ ಅಳು.

"ಇಂಚರಾ?"

"ಇದಾಳೆ... ಚೆನ್ನಾಗಿದಾಳೆ. ಬ್ರಿಡ್ಜ್ ಹತ್ರನೇ ನಿಲ್ಲಿಸಿದ್ರು. ಅನಿ ಫೋನು ಬಿದ್ದು ಒಡೆದೋಯ್ತು. ಜಾಕಿ ಹಾಕಿ ಎತ್ತಿದ್ರೆ... ಆ ಸ್ಪ್ರಿಂಗು ಹಾಗೇ ಕೈಗೆ ಬಂತು ಮಾಮಾ. ಬಳೆ ತೆಗೆದ ಹಾಗೆ!"

ನಾನು ಬಿಸಿ ಡಾಂಬರಿನ ಮೇಲೆ ಕೂತುಬಿಟ್ಟೆ. ಫಣಿ ಪಿಕಪ್ಪಿನಿಂದ ನೀರಿನ ಬಾಟಲಿ ತಂದುಕೊಟ್ಟ. ಪೊಲೀಸರಿಗೆ ಫೋನ್ ಮಾಡಿದೆ. ಕಾಲು ಗಂಟೆಯ ನಂತರ ಜೀಪು ಬಂತು. ಬಾಬ್ಜಿಯನ್ನು ಎತ್ತಿ ಹಾಕಿಕೊಂಡರು. ಫಣಿ ತಾನಾಗಿಯೇ ಹತ್ತಿ ಕೂತ. ನಾನು ಅವನು ನನ್ನ ಫೋನಿಗೆ ಕಳಿಸಿದ ಫೋಟೋಗಳನ್ನು ನೋಡಿ ಒಂದೊಂದೇ ಕಾರಿನ ಮಾಲೀಕರಿಗೆ ಫೋನ್ ಮಾಡಲು ಕೂತೆ.

ಹದಿನಾಲ್ಕನೆಯದು ಮುಗಿಸುವಾಗ ಹೊಸ ನಂಬರಿನಿಂದ ಫೋನು. ಅನಿರುದ್ಧ್. ಏಲೂರಿನ ಯಾವುದೋ ಪಂಕ್ಚರ್ ಅಂಗಡಿಯಿಂದ.

"ಮಾವ... ತಪ್ಪಾಯ್ತು."

"ಹೂಂ."

"ಟೋಯಿಂಗ್ ಗಾಡಿಗೆ ಹೇಳಿದೀನಿ. ಮಾವ... ಕೋಪ ಮಾಡ್ಕೋಬೇಡಿ. ಇಪ್ಪತ್ತೈದು ಎಂಎಂ ಅಂದಿದ್ರಲ್ಲ, ಅದನ್ನ ಹಾಕಿಸಬಹುದಾ?"

ಬಿದ್ದರೂ ಮೀಸೆಗೆ ಮಣ್ಣು ಹತ್ತದವರ ವಂಶ!

"ಮಾನಸಳನ್ನ ಕೇಳು. ಫೋನ್ ಅವಳಿಗೆ ಕೊಡು."

"ಅವಳು ಇಲ್ಲಿಲ್ಲ ಮಾವ. ಮಗೂನ ಎತ್ಕೊಂಡು ಆರ್‌ಟಿಸಿ ಬಸ್ ಹತ್ತಿ ಹೋಗ್ಬಿಟ್ಲು."

"ಬಸ್ಸಾ? ಸರಿಯಾದ ಸ್ಪ್ರಿಂಗನ್ನೇ ಆರಿಸಿದಾಳೆ ಬಿಡು!" ಎಂದು ಹೇಳಿ ಹದಿನೈದನೆಯ ನಂಬರು ಒತ್ತಿದೆ.